ಗಾಳಿ ಹಿಡಿಯಲು ಹೋದ ಭಾನುವಾರಗಳು

ನನ್ನ ಅತ್ತೆಗೆ ವಾಸನೆ ಹೋದದ್ದು ಒಂದು ಚಳಿಗಾಲದಲ್ಲಿ. ಕೊರೊನಾ ಊರೂರು ತಿರುಗಿ ದಣಿದು, ಜನ ಅದರ ಮಾತನ್ನೇ ಬಿಟ್ಟಿದ್ದ ಕಾಲ. ಅವರಿಗೆ ಬಂದದ್ದು ಅದೇ ಜ್ವರವೋ ಬೇರೆಯದೋ ಯಾರೂ ಪರೀಕ್ಷೆ ಮಾಡಿಸಲಿಲ್ಲ. ಮೈ ಬಿಸಿಯಾಗಿ ಮಲಗಿದರು, ಎದ್ದರು, ಮುಖ ತೊಳೆದುಕೊಂಡು ಬಂದು ನಾನು ಕೊಟ್ಟ ಚಹಾ ಕುಡಿದರು. ಕುಡಿದು, ಖಾಲಿ ಲೋಟದೊಳಗೆ ನೋಡುತ್ತ ಕೂತರು.

"ಇದ್ರಾಗ ಶುಂಠಿ ಹಾಕೀಯೇನು?"

"ಹಾಕೀನ್ರಿ ಅತ್ತಿ. ಜಾಸ್ತೀನ ಹಾಕೀನಿ."

"ಬರೇ ಬಿಸಿನೀರು ಕುಡಿದಂಗಾತು ನೋಡು."

ಬೇರೆ ಯಾರಿಗಾದರೂ ಆಗಿದ್ದರೆ ಅದೊಂದು ಸಣ್ಣ ತೊಂದರೆ. ಅತ್ತೆ ಮಾತ್ರ ಮೂಗಿನಿಂದಲೇ ಬದುಕಿದವರು. ಸಿಂಧನೂರಿನ ಅಕ್ಕಿ ಗಿರಣಿಗಳ ಕಡೆ ಅವರದೊಂದು ಖಾನಾವಳಿ. ಗಿರಣಿಯ ಹಮಾಲರು, ಲಾರಿ ಚಾಲಕರು, ಭತ್ತ ತಂದು ಸರದಿಗೆ ಕಾಯುವ ರೈತರು ಅಲ್ಲಿ ಉಣ್ಣುತ್ತಿದ್ದರು. ಅತ್ತೆ ಮುಂದಿನ ಬಾಗಿಲಲ್ಲಿ ಕೂತು ಯಾರೊಂದಿಗೋ ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ಹಿಂದಕ್ಕೆ ತಿರುಗಿ, "ಶೇಂಗಾ ಇಳಸ್ರೆವ್ವಾ" ಎಂದು ಕೂಗುತ್ತಿದ್ದರು. ಒಳಗೆ ಬಾಣಲೆಯಲ್ಲಿ ಶೇಂಗಾ ಆಗತಾನೇ ಹದಕ್ಕೆ ಬಂದಿರುತ್ತಿತ್ತು. ಕಣ್ಣಿಗೆ ಕಾಣದ ಒಲೆಯನ್ನು ಅವರು ಹಾಗೆ ನಡೆಸುತ್ತಿದ್ದರು.

ಜ್ವರ ಬಿಟ್ಟ ಮೇಲೆ ಮತ್ತೆ ಖಾನಾವಳಿಗೆ ಹೋದರು. ಒಂದು ಮಧ್ಯಾಹ್ನ ಗುರೆಳ್ಳು ಹುರಿಯಲು ಒಲೆಯ ಮುಂದೆ ನಿಂತಿದ್ದಾಗ ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಏನೋ ಹೇಳಿದಳಂತೆ, ಇವರು ಅತ್ತ ತಿರುಗಿ ಮಾತಿಗೆ ನಿಂತರಂತೆ. ಗುರೆಳ್ಳು ಕಪ್ಪಾಗೇ ಇರುವ ಕಾಳು, ಸುಟ್ಟದ್ದು ಕಣ್ಣಿಗೆ ಗೊತ್ತಾಗುವುದಿಲ್ಲ. ಹೊಗೆ ಹೊರಗಿನ ಬೆಂಚಿನವರೆಗೂ ಹೋಗಿ, ಉಣ್ಣುತ್ತಿದ್ದವರು ಕೆಮ್ಮುತ್ತ ಎದ್ದು ಬಂದರು. ಎಲ್ಲರೂ ಒಳಗೆ ಇಣುಕಿದಾಗ ಅತ್ತೆ ಸೌಟು ಹಿಡಿದು ಅದೇ ಹೊಗೆಯ ನಡುವೆ, ಏನಾಗಿದೆ ಎಂದು ಅವರನ್ನೇ ನೋಡುತ್ತ ನಿಂತಿದ್ದರು. ಒಲೆ ಆರಿಸಿದರು, ಕೈ ಒರೆಸಿಕೊಂಡರು, ಮನೆಗೆ ಬಂದರು. ಮರುದಿನದಿಂದ ಹೋಗಲಿಲ್ಲ. ಅವರ ಕೈಕೆಳಗೆ ಕಲಿತ ಇಬ್ಬರು ಹೆಂಗಸರು ಖಾನಾವಳಿಯನ್ನು ಹೇಗೋ ತೂಗಿಸಿಕೊಂಡು ಹೋದರು.

ದವಾಖಾನೆಯಲ್ಲಿ ಮೂಗಿನೊಳಗೆ ಬೆಳಕು ಬಿಟ್ಟು ನೋಡಿದ ವೈದ್ಯರು, ತಿರುಗಿ ಬರಬಹುದು, ಬಾರದೆಯೂ ಇರಬಹುದು, ದಿನಾ ಲವಂಗ, ನಿಂಬೆಸಿಪ್ಪೆ ಇಂಥವನ್ನು ಮೂಸಿ ಮೂಗಿಗೆ ರೂಢಿ ಮಾಡಿಸಿ ಎಂದರು. ಅತ್ತೆ ಕೆಲವು ದಿನ ಮೂಸಿದರು. ಆಮೇಲೆ ಲವಂಗವನ್ನು ಡಬ್ಬಿಗೆ ಹಾಕಿ ಮುಚ್ಚಿದರು. "ಲವಂಗ ಮೂಸೋದೂ ಒಂದ, ಗ್ವಾಡಿ ಮೂಸೋದೂ ಒಂದ" ಎಂದರು.

ಮನೆಯಲ್ಲಿ ನಾವು ಮೂವರೇ. ನನ್ನ ಗಂಡ ಬೀಜ ಗೊಬ್ಬರದ ಅಂಗಡಿಗೆ ಹೋದರೆ, ನಾನು ಕಾಲೇಜಿಗೆ ಹೋದರೆ, ಅತ್ತೆ ಪಡಸಾಲೆಯಲ್ಲಿ ಬಾಗಿಲಿನ ಬಿಸಿಲು ಸರಿಯುವುದನ್ನು ನೋಡುತ್ತ ಕೂತಿರುತ್ತಿದ್ದರು.

ನಾನು ಪದವಿ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತೇನೆ. ಆ ವರ್ಷ ನನಗೊಂದು ಸಣ್ಣ ಹುಚ್ಚು ಹತ್ತಿತ್ತು. ನಮ್ಮ ಕಡೆಯ ಗಾಳಿಯಲ್ಲಿ ಯಾವ ಯಾವ ಬ್ಯಾಕ್ಟೀರಿಯಾ ತೇಲುತ್ತವೆ, ಬಿಸಿಲು, ಧೂಳು, ಮಳೆ, ಕಾಲುವೆಯ ತೇವ ಇವು ಅವನ್ನು ಹೇಗೆ ಬದಲಿಸುತ್ತವೆ ಎಂದು ನೋಡಬೇಕು. ಅದಕ್ಕೆ ದೂರ ಹೋಗಬೇಕಾಗಿರಲಿಲ್ಲ. ನನ್ನ ತವರು ಲಿಂಗಸುಗೂರು, ಅತ್ತೆಯ ತವರು ಮಸ್ಕಿ, ನಾವಿರುವುದು ಸಿಂಧನೂರು. ಮೂರೂ ಒಂದೇ ರಸ್ತೆಯ ಮೇಲಿವೆ. ಲಿಂಗಸುಗೂರಿನಲ್ಲಿ ಬಸ್ಸು ಹತ್ತಿದರೆ ಕಿಟಕಿಯಲ್ಲಿ ಮೊದಲು ತೊಗರಿ, ಜೋಳ, ಬರಿಯ ಕಲ್ಲುಬೋರೆ. ಮಸ್ಕಿ ದಾಟಿದ ಮೇಲೆ ಮೆಲ್ಲಗೆ ಹಸಿರು ಏರುತ್ತ ಬಂದು ಸಿಂಧನೂರಿಗೆ ಭತ್ತದ ಗದ್ದೆಯ ನೀರಿನಲ್ಲಿ ಆಕಾಶ ಬಿದ್ದಿರುತ್ತದೆ. ಒಣ ಗಾಳಿಯಿಂದ ಹಸಿ ಗಾಳಿಗೆ ಹೋಗುವ ರಸ್ತೆ ಅದು. ಬಿಡುವಿದ್ದ ಭಾನುವಾರಗಳಲ್ಲಿ ನಾನು ಪೆಟ್ರಿ ತಟ್ಟೆಗಳನ್ನು ಸ್ಟೀಲ್ ಡಬ್ಬಿಯಲ್ಲಿ ಜೋಡಿಸಿಕೊಂಡು ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೆ.

ಒಂದು ಭಾನುವಾರ ಅತ್ತೆ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದರು.

"ನಾನೂ ಬರ್ತೀನಿ. ಮನ್ಯಾಗ ಕುಂತು ಕುಂತು ಕಲ್ಲಾಗೀನಿ."

"ಬಿಸಿಲಾಗ ಸುಮ್ನ ಕುಂದ್ರೋ ಕೆಲಸ ಐತ್ರಿ ಅತ್ತಿ. ಬೇಜಾರಾಕ್ಕೈತಿ ನಿಮಗ."

"ಕುಂದ್ರೋದು ಈಗ ಬರೋಬ್ಬರಿ ರೂಢಿ ಆಗೇತಿ ನನಗ."

ಹೋದೆವು. ಬಸ್ಸಿನಲ್ಲಿ ಡಬ್ಬಿ ಅವರ ತೊಡೆಯ ಮೇಲೆ. ಮುಚ್ಚಳ ತೆಗೆದು ತೋರಿಸಿದೆ. ಗಾಜಿನಂಥ ಪ್ಲಾಸ್ಟಿಕ್ ತಟ್ಟೆಗಳಲ್ಲಿ ತೆಳ್ಳಗೆ ಹೆಪ್ಪುಗಟ್ಟಿದ ಆಹಾರ. "ಗಿಣ್ಣದಂಗ ಐತಲ್ಲ" ಎಂದರು. ಹೌದು, ಇದು ಗಾಳಿಯಲ್ಲಿರುವವರಿಗೆ ಮಾಡಿದ ಗಿಣ್ಣ, ಬಂದು ಬಿದ್ದವರು ಉಂಡು ಬೆಳೆಯುತ್ತಾರೆ ಎಂದೆ. ಅತ್ತೆ ನಕ್ಕರು. ಆ ಚಳಿಗಾಲದಲ್ಲಿ ಅವರು ನಕ್ಕದ್ದನ್ನು ನಾನು ಅದಕ್ಕೂ ಮೊದಲು ನೋಡಿದ ನೆನಪಿಲ್ಲ.

ಗಾಳಿ ಹಿಡಿಯುವುದೆಂದರೆ ಏನೂ ಮಾಡದೆ ಕೂರುವುದು. ತಟ್ಟೆ ಇಡಬೇಕು, ಮುಚ್ಚಳ ತೆಗೆಯಬೇಕು, ಅಷ್ಟು ಹೊತ್ತು ದೂರ ಸರಿದು ಸುಮ್ಮನಿರಬೇಕು. ಮಾತಾಡಿದರೆ, ಕೆಮ್ಮಿದರೆ, ಹತ್ತಿರ ಸೀರೆ ಝಾಡಿಸಿದರೆ ನಮ್ಮ ಮೈಯವೇ ಬಂದು ಬೀಳುತ್ತವೆ. ಲಿಂಗಸುಗೂರಿನಲ್ಲಿ ನನ್ನ ಅವ್ವನ ಮನೆಯ ಮಾಳಿಗೆಯ ಮೇಲೆ ತಟ್ಟೆ ಇಟ್ಟು, ನೀರಿನ ಟ್ಯಾಂಕಿನ ನೆರಳಿನಲ್ಲಿ ಮೂವರೂ ಕೂತೆವು. ಅವ್ವ ಬೀಗತಿ ಬಂದಿದ್ದಾಳೆಂದು ಮಾತಿಗೆ ಹಾತೊರೆಯುತ್ತಿದ್ದಳು, ನಾನು ಬಾಯಿಗೆ ಬೆರಳಿಟ್ಟು ತಡೆಯುತ್ತಿದ್ದೆ. ಕೆಳಗೆ ರಸ್ತೆಯಲ್ಲಿ ಬೈಕುಗಳು ಹೋಗುತ್ತಿದ್ದವು. ಗಾಳಿ ಮೆಲ್ಲಗೆ ಬೀಸಿ, ಒಣಹಾಕಿದ್ದ ಧೋತರವೊಂದನ್ನು ಉಬ್ಬಿಸಿ ಇಳಿಸಿತು. ಆ ಅರೆನಿದ್ದೆಯಂಥ ಹೊತ್ತಿನಲ್ಲಿ ನನಗೆ ಯಾವಾಗಲೂ ಹೀಗೇ ಅನಿಸುತ್ತದೆ: ಏನೋ ಇಳಿಯುತ್ತಿದೆ, ಎಲ್ಲರ ಮೇಲೂ, ಸಾವಕಾಶ, ಯಾರಿಗೂ ತಿಳಿಯದ ಹಾಗೆ.

ಮರುವಾರ ಅತ್ತೆ ಕಾಲೇಜಿಗೇ ಬಂದರು. ಪ್ರಯೋಗಶಾಲೆಯ ಇನ್‌ಕ್ಯುಬೇಟರ್ ಎಂದರೆ ಬೆಚ್ಚಗಿನ ಕಬ್ಬಿಣದ ಬೀರು. ಅದರಿಂದ ತಟ್ಟೆಗಳನ್ನು ತೆಗೆದು ಮುಚ್ಚಳದ ಸಮೇತ ಮೇಜಿನ ಮೇಲೆ ಹರಡಿದೆ. ಬರಿಗಣ್ಣಿಗೆ ಏನೂ ಇಲ್ಲದಿದ್ದ ತಟ್ಟೆಗಳಲ್ಲಿ ಈಗ ಚುಕ್ಕೆಗಳು. ಅರಿಸಿನದ ಹಳದಿ, ಕೇಸರಿ, ತೆಳು ಗುಲಾಬಿ, ಹಾಲಿನ ಬಿಳಿ. ಕೆಲವು ಹೊಳೆಯುತ್ತಿದ್ದವು, ಕೆಲವು ಸುಕ್ಕುಗಟ್ಟಿದ್ದವು.

"ಇವು ಹವಾದಾಗ ಇದ್ವಾ?"

"ಇದ್ವು. ಈಗ್ಲೂ ಅದಾವ್ರಿ. ಒಂದೊಂದು ಚುಕ್ಕಿ ಅಂದ್ರ ಬಿದ್ದ ಒಂದು ಜೀವ ಅಲ್ಲೇ ಸಂಸಾರ ಹೂಡಿದಂಗ."

ಅತ್ತೆ ಥಟ್ಟನೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ಸೆರಗು ತಾನಾಗಿ ಇಳಿಯಿತು. ಬಗ್ಗಿ ಬಗ್ಗಿ ನೋಡತೊಡಗಿದರು. ಇವು ರೋಗ ತರುತ್ತವೆಯೇ ಎಂದು ಕೇಳಿದರು. ಬಹಳಷ್ಟು ನಮ್ಮ ಗೊಡವೆಗೇ ಬರುವುದಿಲ್ಲ, ಮಣ್ಣಿನಿಂದ ಎಲೆಗೆ, ಎಲೆಯಿಂದ ನೀರಿಗೆ, ಊರಿಂದೂರಿಗೆ ಹೋಗುವ ಪ್ರಯಾಣಿಕರು ಅಷ್ಟೇ ಎಂದೆ. ಮಧ್ಯಾಹ್ನದ ಬಿಸಿಲಿನಲ್ಲಿ ಇಟ್ಟ ತಟ್ಟೆಯಲ್ಲಿ ಚುಕ್ಕೆ ಕಡಿಮೆ, ಇದ್ದವೂ ಬಣ್ಣದವೇ ಹೆಚ್ಚು. ಅವು ಬಣ್ಣವನ್ನು ಕೊಡೆಯ ಹಾಗೆ ಹಿಡಿದುಕೊಂಡು ಬಿಸಿಲು ತಾಳುತ್ತವೆ, ಬಣ್ಣವಿಲ್ಲದ ಎಷ್ಟೋ ಜೀವಗಳು ಬಿಸಿಲಿಗೆ ಸಾಯುತ್ತವೆ ಎಂದು ವಿವರಿಸಿದೆ. ಬೆಳಗಿನ ತಂಪಿನಲ್ಲಿ ಕಾಲುವೆಯ ದಂಡೆಗೆ ಇಟ್ಟಿದ್ದ ಸಿಂಧನೂರಿನ ತಟ್ಟೆ ಮಾತ್ರ ಸಂತೆಯಂತಿತ್ತು. ತೇವವಿದ್ದರೆ ಅವಕ್ಕೆ ಆಯುಷ್ಯ.

"ನಮ್ಮ ಮಸ್ಕಿ ಹವಾ ಹೆಂಗೈತಿ?" ಎಂದು ಕೇಳಿದರು. ಹಿಂದಿನ ಭಾನುವಾರ ಬರುವ ದಾರಿಯಲ್ಲಿ ಇಳಿದು ಇಟ್ಟಿದ್ದ ಮಸ್ಕಿಯ ತಟ್ಟೆ ನಿಜಕ್ಕೂ ಚೊಕ್ಕಟವಾಗಿತ್ತು, ಅಲ್ಲೊಂದು ಇಲ್ಲೊಂದು ಹಳದಿ ಚುಕ್ಕೆ. ಅತ್ತೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. "ನಾ ಹೇಳಿಲ್ಲೇನು? ಅಲ್ಲಿ ಹವಾನ ಬ್ಯಾರೆ." ಸಂಜೆ ನನ್ನ ಗಂಡನಿಗೂ ಅದನ್ನೇ ಹೇಳಿದರು, ನೀವು ಗದ್ದೆ ಕಡೆಯವರು, ನಿಮಗೇನು ಗೊತ್ತು ಎಂಬ ದನಿಯಲ್ಲಿ.

ಹೀಗೆ ಚಳಿ ಕಳೆದು ಬೇಸಿಗೆ ಬಂತು. ನಾವು ಹೋಗುತ್ತಲೇ ಇದ್ದೆವು. ಮಸ್ಕಿಯಲ್ಲಿ ಅತ್ತೆಯ ತಮ್ಮನ ಮನೆ ಊರಂಚಿನಲ್ಲಿದೆ. ಅಲ್ಲಿ ಮಜ್ಜಿಗೆ ಕುಡಿದು, ಗುಡ್ಡದ ನಡುವಿಗೆ ಹತ್ತಿ, ಒಂದು ಚಪ್ಪಟೆ ಬಂಡೆಯ ಮೇಲೆ ತಟ್ಟೆ ಇಡುತ್ತಿದ್ದೆವು. ಅತ್ತೆ ಮಂಡಿಯ ಮೇಲೆ ಕೈಯೂರಿ ನಿಂತು ನಿಂತು ಹತ್ತುತ್ತಿದ್ದರು. ಮೇಲೆ ಕೂತರೆ ಊರಿನ ಶಬ್ದಗಳೆಲ್ಲ ದೂರದ ನೀರಿನ ಸದ್ದಿನಂತೆ ಕೇಳುತ್ತಿದ್ದವು. ಅತ್ತೆ ತಾವು ಸಣ್ಣವರಿದ್ದಾಗ ಇದೇ ಬಂಡೆಗಳ ನಡುವೆ ಆಡು ಬಿಟ್ಟುಕೊಂಡು ಮಲಗುತ್ತಿದ್ದುದನ್ನು ಪಿಸುಮಾತಿನಲ್ಲಿ ಹೇಳುತ್ತಿದ್ದರು, ತಟ್ಟೆಗೆ ಕೇಳಿಸಬಾರದೆಂಬಂತೆ.

ಬೇಸಿಗೆ ಏರಿದಂತೆ ಗಾಳಿ ಬದಲಾಯಿತು. ಒಂದು ಭಾನುವಾರ ಪಡುವಣದಿಂದ ಸುಂಟರಗಾಳಿಗಳು ಎದ್ದವು. ಕೊಯ್ದ ತೊಗರಿ ಹೊಲಗಳ ಮೇಲೆ ಕಂದು ಕಂಬಗಳು ನಡೆದುಕೊಂಡು ಹೋದವು. ನಾವು ಕಣ್ಣು ಮುಚ್ಚಿ ಸೆರಗು ಹೊದ್ದು ಕೂತೆವು. ಆ ಸಲದ ಮಸ್ಕಿ ತಟ್ಟೆಯನ್ನು ಅತ್ತೆ ತಿರುಗಿಸಿ ತಿರುಗಿಸಿ ನೋಡಿದರು. ಅಂಚಿನಿಂದ ಅಂಚಿಗೆ ಒರಟು ಬೂದುಬಿಳಿಯ ಚುಕ್ಕೆಗಳು ಹರಡಿ, ಒಂದರ ಮೇಲೊಂದು ಏರಿದ್ದವು.

"ನಮ್ಮೂರ ಹವಾ ಹೊಲಸಾಗೇತೇನು?"

ಅವರ ಮುಖ ನೋಡಿ ನನಗೆ ಕೆಡುಕೆನಿಸಿತು.

"ಹೊಲಸಲ್ರಿ ಅತ್ತಿ. ಇವು ಮಣ್ಣಿನವು. ಮಣ್ಣು ಒಣಗಿದಾಗ ಗಟ್ಟಿ ಬೀಜದಂಗ ಆಗಿ ಮಲಗಿರ್ತಾವ. ಗಾಳಿ ಎಬ್ಬಿಸಿಕೊಂಡು ಬರ್ತೈತಿ. ಬಿಸಿಲೂ ಅವನ್ನ ಜಲ್ದಿ ಕೊಲ್ಲಾಂಗಿಲ್ಲ."

"ಅಂದ್ರ ಅವತ್ತು ಸ್ವಚ್ಛ ಇದ್ದದ್ದು ಬರೇ ಗಾಳಿ ಇರಲಿಲ್ಲಂತೇನು?"

"ಹೌದ್ರಿ. ಊರು ಒಂದ, ಅವತ್ತಿನ ದಿನ ಬ್ಯಾರೆ."

ಅತ್ತೆ ಅಂದು ಮನೆಗೆ ಬರುವವರೆಗೂ ಅದನ್ನೇ ಯೋಚಿಸುತ್ತಿದ್ದರು. ಆಟೋ ಇಳಿಯುವಾಗ, "ಮಲಗಿರ್ತಾವ ಅಂದ್ರ ಸತ್ತಿಲ್ಲ ಅಂದಂಗಾತು" ಎಂದರು. ನಾನು ಹೌದೆಂದೆ. ಅವರು ಯಾವುದರ ಬಗ್ಗೆ ಹೇಳಿದರೆಂದು ಕೇಳಲಿಲ್ಲ.

ಮುಂಗಾರಿಗೆ ಮುಂಚಿನ ಒಂದು ಭಾನುವಾರ ಗುಡ್ಡದ ಮೇಲಿದ್ದಾಗಲೇ ಮಳೆ ಸಿಕ್ಕಿತು. ಬೆಳಗಿನಿಂದ ಧಗೆ. ಬಂಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಬೆಳಿಗ್ಗೆಯ ತಟ್ಟೆಗಳನ್ನು ಮುಚ್ಚಿಟ್ಟಾಗಿತ್ತು. ಮಧ್ಯಾಹ್ನ ಕಳೆದು ದಕ್ಷಿಣದ ಆಕಾಶ ಕಪ್ಪಾಯಿತು, ಗಾಳಿ ನಿಂತಿತು, ಕಾಗೆಗಳು ಸುಮ್ಮನಾದವು. ಆಮೇಲೆ ದೊಡ್ಡ ದೊಡ್ಡ ಹನಿಗಳು, ಒಂದೊಂದಾಗಿ, ಬಿದ್ದಲ್ಲಿ ಮಣ್ಣು ಪುಟಿಯುವ ಹಾಗೆ. ಅದು ನಾನು ತಿಂಗಳುಗಟ್ಟಲೆ ಕಾದಿದ್ದ ಘಳಿಗೆ. ಒಣನೆಲಕ್ಕೆ ಬಿದ್ದ ಹನಿ ತನ್ನ ಕೆಳಗೆ ಗಾಳಿಯ ಸಣ್ಣ ಗುಳ್ಳೆಗಳನ್ನು ಹಿಡಿಯುತ್ತದೆ. ಅವು ಮೇಲೆದ್ದು ಒಡೆಯುವಾಗ ಮಣ್ಣಿನ ಜೀವಗಳು ಕಣ್ಣಿಗೆ ಕಾಣದ ತುಂತುರಾಗಿ ಗಾಳಿಗೆ ಹಾರುತ್ತವೆ. ಮಳೆ ಗಾಳಿಯನ್ನು ತೊಳೆಯುತ್ತದೆ ಎನ್ನುತ್ತಾರೆ, ನಿಜ. ಆದರೆ ಮೊದಲ ಹನಿಗಳು ನೆಲವನ್ನು ಗಾಳಿಗೆ ಎತ್ತಿಕೊಡುತ್ತವೆ.

ಬಂಡೆಯೊಂದು ಸೂರಿನಂತೆ ಮುಂದಕ್ಕೆ ಚಾಚಿದ್ದ ಕಡೆ ಓಡಿ, ನೇರ ಹನಿ ಬೀಳದಂತೆ ಹೊಸ ತಟ್ಟೆಗಳನ್ನು ಇಟ್ಟು ಮುಚ್ಚಳ ತೆಗೆದೆ. ಎದ್ದು ನಿಂತಾಗ ಆ ವಾಸನೆ ಬಂತು. ಗುಡ್ಡದ ಕೆಳಗಿನ ಅಷ್ಟೂ ಹೊಲಗಳಿಂದ ಒಂದೇ ಸಲಕ್ಕೆ ಎದ್ದು ಬಂದಂತೆ.

ಅತ್ತೆ ಸೂರಿನ ಕೆಳಗೆ ಬಂದಿರಲಿಲ್ಲ. ಬಯಲಿನಲ್ಲಿ ಮುಖ ಮೇಲೆತ್ತಿ ನಿಂತಿದ್ದರು. ಎದೆ ಉಬ್ಬುವಷ್ಟು ಉಸಿರೆಳೆದುಕೊಂಡರು, ಬಿಟ್ಟರು, ಮತ್ತೆ ಎಳೆದರು. ಕೂದಲು ತೊಯ್ದು ಹಣೆಗೆ ಅಂಟಿತ್ತು.

"ನಿನಗ ಬಂತೇನು?" ಎಂದು ಕೂಗಿದರು.

"ಬಂತ್ರಿ."

"ಹೆಂಗೈತಿ? ಹೇಳು, ಹೆಂಗೈತಿ?"

ಹೊಸ ಮಡಕೆಗೆ ನೀರು ಹಾಕಿದಂತೆ ಎಂದೆ. ಮಣ್ಣಿನ ಗೋಡೆ ಸಾರಿಸಿದಂತೆ ಎಂದೆ. ಒಂದೊಂದಕ್ಕೂ ಅತ್ತೆ ತಲೆಯಾಡಿಸುತ್ತಿದ್ದರು. "ಸಣ್ಣಾಕಿ ಇದ್ದಾಗ ಗ್ವಾಡಿಗೆ ನೀರು ಚಿಮುಕಿಸಿ ಮೂಸ್ತಿದ್ವಿ. ನಮ್ಮವ್ವ ಬೈತಿದ್ಲು, ಮಣ್ಣು ತಿಂತೀರಿ ಅಂತ" ಎಂದರು. ಅವರ ಮುಖದ ಮೇಲಿದ್ದುದು ಮಳೆಯ ನೀರೊಂದೇ ಅಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. "ಮಳಿ ಬಂತು, ವಾಸನಿ ಬರಲಿಲ್ಲ ನೋಡು. ಅರ್ಧ ಮಳಿ" ಎಂದರು. ನಾನು ಹೊರಗೆ ಹೋಗಿ ಅವರ ಪಕ್ಕದಲ್ಲಿ ನಿಂತೆ. ಇಬ್ಬರೂ ತೊಯ್ದೆವು. ತಟ್ಟೆಗಳನ್ನು ಮುಚ್ಚುವ ಹೊತ್ತು ಮೀರಿಹೋಗಿತ್ತು.

ಆ ತಟ್ಟೆಗಳು ಬೇಗ ಮಾತಾಡಲಿಲ್ಲ. ಉಳಿದ ಬ್ಯಾಕ್ಟೀರಿಯಾ ಅವಸರದವು. ಮಳೆ ಬಿದ್ದಾಗಿನ ಮಣ್ಣಿನ ವಾಸನೆ ಹುಟ್ಟಿಸುವ ಜಾತಿ ನಿಧಾನದ್ದು. ಬರಬರುತ್ತ ಸುಣ್ಣದ ಪುಡಿ ಉದುರಿಸಿದಂಥ ಬಿಳಿ, ಬೂದಿ ಬಣ್ಣದ ಒಣ ಚುಕ್ಕೆಗಳು ಎದ್ದವು. ಕಾಲೇಜಿಗೆ ಬೇಸಿಗೆ ರಜೆಯಿತ್ತು. ಕಾರಿಡಾರುಗಳಲ್ಲಿ ಯಾರೂ ಇಲ್ಲ. ಅತ್ತೆ ನನ್ನೊಡನೆ ಬಂದು, ಪ್ರಯೋಗಶಾಲೆಯ ಕಿಟಕಿಯ ಬಳಿ ನನಗೆ ಬೆನ್ನು ಹಾಕಿ, ಹೊರಗಿನ ಬೇವಿನ ಮರ ನೋಡುತ್ತ ನಿಂತಿದ್ದರು. ಅಂದು ಕರೆಂಟು ಹೋಗಿ ಫ್ಯಾನು ನಿಂತಿತ್ತು. ನಾನು ಇನ್‌ಕ್ಯುಬೇಟರಿನ ಬಾಗಿಲು ತೆಗೆದೆ. ಬೆಚ್ಚಗಿನ ಗಾಳಿ ಮುಖಕ್ಕೆ ಬಡಿಯಿತು.

"ಹೊರಗ ಮಳಿ ಬಂತೇನು?" ಎಂದರು ಅತ್ತೆ.

ಹೊರಗೆ ಕಣ್ಣು ಕುಕ್ಕುವ ಬಿಸಿಲು. ಅದನ್ನು ಅವರೇ ನೋಡುತ್ತ ನಿಂತಿದ್ದರು. ತಮ್ಮ ಮಾತಿಗೆ ತಾವೇ ಬೆರಗಾಗಿ ತಿರುಗಿದರು. ನಾನು ಕೈಯಲ್ಲಿ ತಟ್ಟೆ ಹಿಡಿದು ನಿಂತುಬಿಟ್ಟಿದ್ದೆ. ಮುಚ್ಚಿದ ಮುಚ್ಚಳಗಳ ಸಂದಿನಿಂದಲೇ ಒಸರಿ ಆ ಬೀರಿನೊಳಗೆ ತುಂಬಿಕೊಂಡಿತ್ತು, ಗುಡ್ಡದ ಮೇಲಿನ ಅದೇ ವಾಸನೆ. ದಿನಾ ತೆಗೆದು ಹಾಕಿ ನನಗೆ ಅದರ ಪರಿವೆಯೇ ಇರಲಿಲ್ಲ.

ನಾನು ಬಾಗಿಲನ್ನು ತೆರೆದೇ ಬಿಟ್ಟೆ. ಅತ್ತೆ ಮೂಗು ಮುಂದೆ ಮಾಡಿಕೊಂಡು, ಒಂದೊಂದೇ ಮೇಜು ದಾಟಿ, ಕತ್ತಲಲ್ಲಿ ನಡೆಯುವವರ ಹಾಗೆ ಬಂದರು. ಬಂದು ಇನ್‌ಕ್ಯುಬೇಟರಿನ ಮೇಲೆ ಅಂಗೈ ಇಟ್ಟರು.

"ಇಲ್ಲೈತಿ. ಇದ್ರಾಗ ಮಳಿ ಐತಿ."

ಬಾಗಿಲು ಮುಚ್ಚಿದೆ. ಸ್ವಲ್ಪ ಹೊತ್ತು ಬಿಟ್ಟು ತೆಗೆದೆ. ಮತ್ತೆ ಬಂತು ಎಂದರು. ಇನ್ನೊಮ್ಮೆ ತೆಗಿ, ಇನ್ನೊಮ್ಮೆ ತೆಗಿ ಎಂದು ಮಗುವಿನಂತೆ ಹಟ ಹಿಡಿದರು. ಹಾಗೆ ಮಾಡುತ್ತ ಮಾಡುತ್ತ ಒಂದು ಸಲ ಅವರ ಮುಖ ಬಿಳಿಚಿತು.

"ಹೋತು. ಹೋತ್ಲೇ, ಏನೂ ಇಲ್ಲ."

"ನನಗೂ ಹೋಗೇತ್ರಿ ಅತ್ತಿ. ಒಂದ ವಾಸನಿ ಹಿಡಿದು ಹಿಡಿದು ಎಲ್ಲಾರ ಮೂಗೂ ದಣಿತೈತಿ. ಕುಂದ್ರಿ, ಜರಾ ತಡೀರಿ."

ಇಬ್ಬರೂ ಎತ್ತರದ ಸ್ಟೂಲುಗಳ ಮೇಲೆ ಕೂತೆವು. ಅತ್ತೆಯ ಕಾಲು ನೆಲಕ್ಕೆ ತಾಕದೆ ತೂಗಾಡುತ್ತಿತ್ತು.

ಸಂಜೆ ನನ್ನ ಗಂಡನಿಗೆ ಹೇಳಿದಾಗ ಅವರು ನಂಬಲಿಲ್ಲ. ಬಜಾರಕ್ಕೆ ಹೋಗಿ, ಮಲ್ಲಿಗೆ ದಂಡೆ ತಂದು, ಬೆನ್ನ ಹಿಂದೆ ಹಿಡಿದುಕೊಂಡು ಅತ್ತೆಯ ಮುಂದೆ ನಿಂತರು.

"ಯವ್ವಾ, ಏನರ ವಾಸನಿ ಬರಾಕತ್ತೈತೇನು?"

"ಇಲ್ಲಪ್ಪ. ಏನು ತಂದೀ?"

ನನ್ನ ಗಂಡನ ಮುಖ ಜೋಲು ಬಿತ್ತು. ಮಲ್ಲಿಗೆ ಮುಂದಕ್ಕೆ ಹಿಡಿದರೂ, ಮೂಗಿಗೆ ಒತ್ತಿದರೂ ಇಲ್ಲ. ಕರ್ಪೂರವಿಲ್ಲ, ಇಂಗಿಲ್ಲ. ಮಗ ಸೋತದ್ದನ್ನು ನೋಡಿ ಅತ್ತೆಯೇ ಸಮಾಧಾನ ಹೇಳಿದರು: "ಮಣ್ಣು ಬಂದೈತಿ ಬಿಡು. ಉಳಿದದ್ದು ಮಣ್ಣಿಂದನ ಬರ್ತೈತಿ."

ಬೆಳೆಸಿದ ತಟ್ಟೆಗಳನ್ನು ಮನೆಗೆ ತರುವ ಹಾಗಿರಲಿಲ್ಲ. ಆದರೆ ಅದೇ ಜೀವಗಳು ಎಲ್ಲ ಹೊಲದ ಮಣ್ಣಿನಲ್ಲೂ ಇವೆ. ಮುಂದಿನ ಸಲ ಮಸ್ಕಿಗೆ ಹೋದಾಗ ಅತ್ತೆಯ ತಮ್ಮನ ಹೊಲದಿಂದ ಒಂದು ಚೀಲ ಒಣ ಎರೆಮಣ್ಣು ತಂದೆವು. ಬೆಳಗೆದ್ದು ಅತ್ತೆ ಒಂದು ಬೋಗುಣಿಯಲ್ಲಿ ಸ್ವಲ್ಪ ಮಣ್ಣು ಹಾಕಿಕೊಂಡು ಅದಕ್ಕೆ ನೀರು ಚಿಮುಕಿಸುತ್ತಿದ್ದರು. ಕಣ್ಣು ಮುಚ್ಚಿ, ತುಸು ದೂರದಿಂದ ಉಸಿರೆಳೆದುಕೊಳ್ಳುತ್ತಿದ್ದರು. ಕೆಲವು ದಿನ ಬರುತ್ತಿತ್ತು, ಕೆಲವು ದಿನ ಇಲ್ಲ. ಮುಚ್ಚಿಟ್ಟ ಲವಂಗದ ಡಬ್ಬಿಯನ್ನೂ ಮತ್ತೆ ತೆರೆದರು.

ಮಳೆಗಾಲ ಹಿಡಿಯಿತು. ಮೂಗು ತಿರುಗಿ ಬಂದದ್ದು ನೆಟ್ಟಗೆ ಬರಲಿಲ್ಲ. ಈರುಳ್ಳಿ ಸೀಮೆಎಣ್ಣೆಯಂತೆ ನಾರಿತು. ಕೊತ್ತಂಬರಿ ಸೊಪ್ಪು ಕಂಡರೆ ಓಕರಿಕೆ. ನಮ್ಮ ಅಡುಗೆಮನೆ ತಿಂಗಳುಗಟ್ಟಲೆ ಸಪ್ಪೆಯಾಯಿತು. ಅತ್ತೆ ಕೆಲವೊಮ್ಮೆ ತಟ್ಟೆ ದೂಡಿ ಎದ್ದು ಹೋಗುತ್ತಿದ್ದರು, ಮೊದಲೇ ಚೆನ್ನಾಗಿತ್ತು ಎನ್ನುತ್ತಿದ್ದರು. ಹಾಗಿರುವಾಗ ಒಂದು ಬೆಳಿಗ್ಗೆ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದವರು ಒಳಗೆ ಬಂದು, "ಕಾಲುವೆಗೆ ನೀರು ಬಿಟ್ಟಾರ" ಎಂದರು. ಯಾರು ಹೇಳಿದರು ಎಂದು ನನ್ನ ಗಂಡ ಕೇಳಿದರು. ಯಾರೂ ಹೇಳಿರಲಿಲ್ಲ. ಒಣಗಿದ್ದ ಗದ್ದೆಗಳಿಗೆ ನೀರು ನುಗ್ಗಿದ ಹಸಿ ವಾಸನೆ ಊರೊಳಕ್ಕೆ ಬಂದಿತ್ತು. ನಾವಿಬ್ಬರೂ ಬಾಗಿಲಿಗೆ ಹೋಗಿ ನಿಂತೆವು. ಹೌದು, ಗಾಳಿಯಲ್ಲಿತ್ತು.

ಭತ್ತ ಹಾಲುಗಟ್ಟುವ ಹೊತ್ತಿಗೆ ಅತ್ತೆ ಮತ್ತೆ ಖಾನಾವಳಿಯ ಮೆಟ್ಟಿಲು ಹತ್ತಿದರು. ಹಳೆಯ ಮೂಗು ಪೂರ್ತಿ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಶೇಂಗಾ ಈಗ ಕೂತಲ್ಲಿಂದ ತಿಳಿಯುವುದಿಲ್ಲ, ಒಲೆಯ ಹತ್ತಿರ ಹೋಗಿ ನಿಲ್ಲುತ್ತಾರೆ, ಸಿಡಿಯುವ ಸದ್ದು ಕೇಳಿ ಇಳಿಸುತ್ತಾರೆ. ಗುರೆಳ್ಳನ್ನು ಮಾತ್ರ ಬೇರೆಯವಳ ಕೈಗೆ ಕೊಟ್ಟಿದ್ದಾರೆ. ಹೊಗೆ ಎದ್ದರೆ ತಿಳಿಯುತ್ತದೆ, ಅಷ್ಟು ಸಾಕು ಎನ್ನುತ್ತಾರೆ.

ನನ್ನ ಅಧ್ಯಯನವೂ ಒಂದು ರೂಪಕ್ಕೆ ಬಂತು. ಲೋಕಕ್ಕೆ ಹೊಸದೇನೂ ಅದರಲ್ಲಿಲ್ಲ. ಬಿಸಿಲು ಕೊಲ್ಲುತ್ತದೆ, ತೇವ ಕಾಯುತ್ತದೆ, ಗಾಳಿ ಹೊರುತ್ತದೆ, ಗಿರಣಿಯ ತೌಡಿನ ಧೂಳಿನ ಮೇಲೆ ಎಷ್ಟೋ ಜೀವಗಳು ಸವಾರಿ ಮಾಡುತ್ತವೆ ಎಂಬುದನ್ನು ನಮ್ಮ ಒಂದು ರಸ್ತೆಯ ಮಟ್ಟಿಗೆ ಬರೆದಿಟ್ಟೆ. ಕಾಲೇಜಿನ ವಿಚಾರ ಸಂಕಿರಣದಲ್ಲಿ ಓದಿದಾಗ ಅತ್ತೆ ಹೊಸ ಸೀರೆಯುಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂತರು. ಮಸ್ಕಿಯ ಚಿತ್ರ ಪರದೆಯ ಮೇಲೆ ಬಂದಾಗ ಪಕ್ಕದವರಿಗೆ ಏನೋ ಹೇಳಿದ್ದು ದೂರದಿಂದ ಕಂಡಿತು.

ಕಳೆದ ದೀಪಾವಳಿ ಮುಗಿದ ಮೇಲೆ ಅತ್ತೆ, "ನಮ್ಮ ಖಾನಾವಳ್ಯಾಗ ಒಂದ್ಸಲ ಇಡು" ಎಂದರು. ನಾನು ಹಿಂದೆ ಮುಂದೆ ನೋಡಿದೆ. ಹಿಂದಿನ ಅಡುಗೆ ಕೋಣೆ ನನಗೆ ಗೊತ್ತಿತ್ತು: ಆವಿ, ಜನ, ಒದ್ದೆ ನೆಲ, ಬಿಸಿಲೇ ಕಾಣದ ಗೋಡೆ. ಇಟ್ಟೆ. ಎರಡು ದಿನದ ಮೇಲೆ ಚುಕ್ಕೆ ತುಂಬಿಹೋಗಿದ್ದ ಆ ತಟ್ಟೆಯನ್ನು ಅವರಿಗೆ ತೋರಿಸುವುದು ಬೇಡವಾಗಿತ್ತು. ಆದರೂ ಅವರು ಕೇಳಿ ಇಸಿದುಕೊಂಡು ನೋಡಿದರು.

"ಇಷ್ಟ್ಯಾಕವ್ವಾ?"

"ಗಾಳಿ ಆಡಾಂಗಿಲ್ಲ, ಬಿಸಿಲು ಬೀಳಾಂಗಿಲ್ಲ. ಒಳಗಿದ್ದವು ಒಳಗ ಸುತ್ತತಾವ."

ಅತ್ತೆ ಬೇಸರ ಮಾಡಿಕೊಳ್ಳಲಿಲ್ಲ. ಆ ವಾರವೇ ಗೌಂಡಿಯನ್ನು ಕರೆಸಿ ಮೂಡಣ ಗೋಡೆಗೆ ಕಿಟಕಿಯ ಗುರುತು ಹಾಕಿಸಿದರು. ಗೋಡೆ ಒಡೆಯುವ ದಿನ ಖಾನಾವಳಿಗೆ ರಜೆ. ನಾನೂ ನನ್ನ ಗಂಡನೂ ಹೋಗಿದ್ದೆವು. ಸುತ್ತಿಗೆಯ ಏಟಿಗೆ ಇಟ್ಟಿಗೆಗಳು ಒಂದೊಂದಾಗಿ ಹೊರಗೆ ಬಿದ್ದವು. ಮೊದಲು ಕೈ ಹಿಡಿಸುವಷ್ಟು ಬೆಳಕು, ಆಮೇಲೆ ತಲೆ ಹಿಡಿಸುವಷ್ಟು, ಆಮೇಲೆ ಮಸಿ ಹಿಡಿದ ಗೋಡೆಯ ಮೇಲೆ ಕಿಟಕಿಯಗಲದ ಬಿಸಿಲು ಬಂದು ನಿಂತಿತು. ಎಷ್ಟೋ ವರ್ಷದಿಂದ ಆ ಕೋಣೆಯಲ್ಲಿ ದುಡಿದವರಿಗೆ ಗೋಡೆಯ ಬಣ್ಣ ನೀಲಿಯೆಂದು ಅಂದು ಕಂಡಿತು. ಧೂಳು ಬಿಸಿಲಿನ ಕೋಲಿನೊಳಗೆ ಸುತ್ತುತ್ತ, ಏರುತ್ತ, ನಿಧಾನಕ್ಕೆ ಹೊರಗಿನ ಕಡೆ ಸರಿಯತೊಡಗಿತು. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಿದ್ದ ಇಟ್ಟಿಗೆಗಳನ್ನು ದಾಟಿ, ಆ ಬಿಸಿಲಿನಲ್ಲಿ ಹೋಗಿ ನಿಂತರು.

"ಚೌಕಟ್ಟು ದೊಡ್ಡದ ಇರಲಿ" ಎಂದು ಗೌಂಡಿಗೆ ಹೇಳಿ, ನಮ್ಮ ಕಡೆ ತಿರುಗಿ, ಉಪ್ಪಿಟ್ಟು ಮಾಡುತ್ತೇನೆ, ಯಾರೂ ಹೋಗಬೇಡಿ ಎಂದರು.